ನೆರೆ ನೀರಲ್ಲಿ ಮುಳುಗಿದ ಹಳೆಯ ಕಾರು: ಉಳಿಸಬೇಕೇ, ಬಿಡಬೇಕೇ?

2018ರ ಆಗಸ್ಟ್‌ನಲ್ಲಿ ಕೊಡಗು. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಸುತ್ತಮುತ್ತ. ನೆರೆ ಬಂದಾಗೆಲ್ಲ ಮುಳುಗಿದ ದುಬಾರಿ ಹೊಸ ಕಾರುಗಳ ಫೋಟೋ ಎಲ್ಲರೂ ನೋಡುತ್ತಾರೆ. ಶೆಡ್ಡಿನಲ್ಲೋ ಬೇಸ್‌ಮೆಂಟಿನಲ್ಲೋ ಕವರ್ ಹೊದ್ದು ನಿಂತಿದ್ದ ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳ ಕಡೆ ಗಮನ ಹೋಗುವುದು ಕಡಿಮೆ. ಆದರೆ ಇಂಥ ಗಾಡಿ ಒಮ್ಮೆ ಗುಜರಿಗೆ ಹೋದರೆ ಮತ್ತೊಂದನ್ನು ಶೋರೂಮಿನಿಂದ ತರಲು ಆಗುವುದಿಲ್ಲ. ಹಾಗಾಗಿ ನಿರ್ಧಾರ ಆತುರದ್ದಾಗಬಾರದು.

ಎಲ್ಲರೂ ಮೊದಲು ಕೇಳುವುದು ಒಂದೇ: "ಎಂಜಿನ್ ಹೋಯ್ತಾ?" ನನ್ನ ಮಟ್ಟಿಗೆ ಹಳೆಯ ಗಾಡಿಯಲ್ಲಿ ಉಳಿಸಲು ಸುಲಭವಾದ ಭಾಗವೇ ಎಂಜಿನ್. ಪದ್ಮಿನಿಯ 1089 ಸಿಸಿ, ಹಳೆಯ ಅಂಬಾಸಿಡರ್‌ನ 1489 ಸಿಸಿ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ, ಬೋರ್ ಮಾಡಿಕೊಡುವ ಲೇತ್‌ಗಳೂ ಇವೆ. ಗಾಡಿಯ ಹಣೆಬರಹ ಇರುವುದು ಕೆಳಗಿನ ತಗಡಿನಲ್ಲಿ. ಎಂಜಿನ್‌ಗೆ ಮೊದಲ ಎರಡು ದಿನ ತುರ್ತು ಚಿಕಿತ್ಸೆ ಕೊಡಿ. ಉಳಿಸಬೇಕೇ ಬಿಡಬೇಕೇ ಎಂಬುದನ್ನು ಬಾಡಿ ನೋಡಿ ತೀರ್ಮಾನಿಸಿ.

ಇಲ್ಲಿ ಹೇಳುವುದೆಲ್ಲ ಕಾರ್ಬುರೇಟರ್, ಪಾಯಿಂಟ್ (ಪ್ಲಗ್‌ಗೆ ಕಿಡಿ ಕೊಡಿಸುವ ಹಳೆಯ ಕಾಲದ ಸ್ವಿಚ್) ಇರುವ ಪೆಟ್ರೋಲ್ ಗಾಡಿಗಳಿಗೆ. ಡೀಸೆಲ್ ಅಂಬಾಸಿಡರ್ ಬಗ್ಗೆ ನಡುವೆ ಎರಡು ಮಾತು ಇದೆ.

ಕೈ ಹಾಕುವ ಮುನ್ನ

ಸೆಲ್ಫ್ ಹೊಡೆಯಬೇಡಿ. ತಳ್ಳಿ ಸ್ಟಾರ್ಟ್ ಮಾಡಲೂ ಹೋಗಬೇಡಿ. ಕೀಲಿ ಆನ್ ಮಾಡುವುದೂ ಬೇಡ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದಾಗ ಎಂಜಿನ್ ತಿರುಗಿದರೆ ಪಿಸ್ಟನ್ ಮೇಲೆ ಬರಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿಂತಲ್ಲೇ ಮುಳುಗಿದ, ಯಾರೂ ಸೆಲ್ಫ್ ಹೊಡೆಯದ ಗಾಡಿಯಲ್ಲಿ ಈ ಪೆಟ್ಟು ಆಗಿರುವುದಿಲ್ಲ. ನೀರಲ್ಲಿ ಓಡುತ್ತಾ ಆಫ್ ಆದ ಗಾಡಿಯ ಕಥೆ ಬೇರೆ. ಆದ್ದರಿಂದ ಮನೆಯವರನ್ನು, ವಾಚ್‌ಮನ್‌ನನ್ನು ಕೇಳಿ: ಯಾರಾದರೂ ಕೀಲಿ ತಿರುಗಿಸಿದ್ದರಾ?

ಬಾನೆಟ್ ಎತ್ತುವಾಗ, ಸೀಟಿನಡಿ ನೋಡುವಾಗ ಮೊದಲು ಕೋಲು ಆಡಿಸಿ. ನೆರೆಯಲ್ಲಿ ಹಾವುಗಳು ಒಣ ಜಾಗ ಹುಡುಕಿ ಗಾಡಿಯೊಳಗೆ ಸೇರಿಕೊಳ್ಳುತ್ತವೆ. ರಬ್ಬರ್ ಗ್ಲೌಸ್, ಗಮ್‌ಬೂಟ್ ಬೇಕೇ ಬೇಕು. ಕೊಳಚೆ ನೀರಿನಿಂದ ಇಲಿ ಜ್ವರ ಬರುವ ಅಪಾಯವಿದೆ, ತುಕ್ಕು ತಗಡು ಕೈ ಕೊಯ್ಯುತ್ತದೆ. ಗಾಯವಾದರೆ ತೊಳೆದು ಅಂದೇ ಡಾಕ್ಟರಿಗೆ ತೋರಿಸಿ. ಕೆಲಸ ಆದ ಮೇಲೆ ಜ್ವರ, ಮೈಕೈ ನೋವು ಬಂದರೆ ನೆರೆ ನೀರು ಮುಟ್ಟಿದ್ದನ್ನು ಅವರಿಗೆ ಹೇಳಿ.

ಬ್ಯಾಟರಿಯ ಅರ್ತ್ ಕೇಬಲ್ ಬಿಚ್ಚಿ. ಬಹಳ ಹಳೆಯ ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಪಾಸಿಟಿವ್ ಕಡೆಯೂ ಅರ್ತ್ ಇರಬಹುದು, ಬಾಡಿಗೆ ಹೋಗುವ ವೈರ್ ಯಾವುದೆಂದು ನೋಡಿಯೇ ಬಿಚ್ಚಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮೊದಲು ಗಾಳಿಯಾಡಲು ಬಿಡಿ. ಬೇಸ್‌ಮೆಂಟ್ ಆದರೆ ಕಟ್ಟಡದ ಕರೆಂಟ್ ಆಫ್ ಆಗಿದೆ ಎಂದು ಖಾತ್ರಿಯಾಗುವವರೆಗೆ ಇಳಿಯಬೇಡಿ.

ಟೂಲ್ ಕಿಟ್ ಮುಟ್ಟುವ ಮುನ್ನ ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ. ಇನ್ಶೂರೆನ್ಸ್‌ಗೂ ಬೇಕು, ಮುಂದೆ ನಿಮಗೂ ಬೇಕು.

ಲಕ್ಷಣ: ಗಾಡಿಯ ಒಳಗೆ ಕೆಸರಿನ ಗೆರೆ

ನೀರು ಎಲ್ಲಿವರೆಗೆ ಬಂದಿತ್ತು ಎಂದು ಗಾಡಿಯೇ ಹೇಳುತ್ತದೆ. ಹೊರಗಿನ ಬಣ್ಣದ ಮೇಲಿನ ಗೆರೆ ಮಳೆಗೆ ತೊಳೆದು ಹೋಗಿರಬಹುದು. ಬಾಗಿಲಿನ ಪ್ಯಾಡ್ ತೆಗೆದು ಒಳಗೆ ನೋಡಿ. ಹೆಡ್‌ಲೈಟಿನ ಬೋಗುಣಿ, ಡ್ಯಾಶ್‌ಬೋರ್ಡಿನ ಹಿಂಬದಿ, ಡಿಕ್ಕಿಯ ಮೂಲೆಗಳನ್ನೂ ನೋಡಿ.

ಫ್ಲೋರಿಗಿಂತ ಕೆಳಗೇ ನಿಂತಿದ್ದರೆ ಬ್ರೇಕ್, ವೀಲ್ ಬೇರಿಂಗ್, ಹೌಸಿಂಗ್ (ಹಿಂದಿನ ಆಕ್ಸಲ್ ಪೆಟ್ಟಿಗೆ) ಆಯಿಲ್ ನೋಡಿದರೆ ಬಹುಪಾಲು ಮುಗಿಯಿತು. ಸೀಟಿನ ಮಟ್ಟಕ್ಕೆ ಬಂದಿದ್ದರೆ ಗೇರ್ ಬಾಕ್ಸ್, ಸ್ಟಾರ್ಟರ್, ಸಂಪ್ (ಎಂಜಿನ್ ತಳದ ಆಯಿಲ್ ಪಾತ್ರೆ), ಪೆಟ್ರೋಲ್ ಟ್ಯಾಂಕ್ ಎಲ್ಲವೂ ಅನುಮಾನದ ಪಟ್ಟಿಗೆ ಸೇರುತ್ತವೆ. ಡ್ಯಾಶ್‌ಬೋರ್ಡ್ ಮುಳುಗಿದ್ದರೆ ವೈರಿಂಗ್ ಪೂರ್ತಿ. ಹೊಸ ಕಾರಿಗೆ ಡ್ಯಾಶ್‌ಬೋರ್ಡ್ ಮುಳುಗಿತು ಎಂದರೆ ಹೆಚ್ಚು ಕಡಿಮೆ ಮರಣಶಾಸನ. ಪದ್ಮಿನಿಯಲ್ಲಿ ಕಂಪ್ಯೂಟರ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಇಡೀ ವೈರಿಂಗ್ ಬದಲಿಸಿದರೂ ಅದು ಒಬ್ಬ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಮಾಡಿ ಮುಗಿಸುವ ಕೆಲಸ.

ನೀರಿನ ಎತ್ತರದಷ್ಟೇ ಮುಖ್ಯ ಅದು ಎಂಥ ನೀರು ಎನ್ನುವುದು. ಹೊಳೆಯ ಸಿಹಿನೀರು ಕೆಸರು ಬಿಟ್ಟು ಹೋಗುತ್ತದೆ. ಬೆಂಗಳೂರಿನಲ್ಲಿ ರಾಜಕಾಲುವೆ ಉಕ್ಕಿದರೆ ಕೊಳಚೆಯೂ ಬರುತ್ತದೆ, ಒಳಗಿನ ಬಟ್ಟೆ, ನಾರು ಎಲ್ಲ ಎಸೆಯಬೇಕು. ಕರಾವಳಿಯಲ್ಲಿ ಅಳಿವೆ ಬಳಿಯ ನೀರು ಉಪ್ಪು. ಒಣಗಿದ ಮೇಲೆ ಬಿಳಿ ಪುಡಿಯಂಥ ಪದರ ಕಂಡರೆ ಉಪ್ಪಿನ ಅನುಮಾನ ಇಟ್ಟುಕೊಳ್ಳಿ. ಉಪ್ಪು ನೀರು ಹೊಕ್ಕ ಗಾಡಿಯನ್ನು ಅದೇ ದಿನ ಸಿಹಿನೀರಿನಲ್ಲಿ ತೊಳೆಯಬೇಕು. ವಾರಗಟ್ಟಲೆ ಹಾಗೇ ಬಿಟ್ಟಿದ್ದರೆ ನಾನಂತೂ ಬಿಡಿಭಾಗಕ್ಕೆ ಮಾತ್ರ ಎಂದುಕೊಂಡೇ ನೋಡುತ್ತೇನೆ.

ಲಕ್ಷಣ: ಡಿಪ್‌ಸ್ಟಿಕ್‌ನಲ್ಲಿ (ಎಂಜಿನ್ ಆಯಿಲ್ ಅಳೆಯುವ ಕಡ್ಡಿ) ಹಾಲು ಕಾಫಿ ಬಣ್ಣ, ಅಥವಾ ಆಯಿಲ್ ಮಟ್ಟ ಜಾಸ್ತಿ

ಆಯಿಲ್‌ಗೆ ನೀರು ಸೇರಿ ಕಲಕಿದೆ ಎಂದು ಅರ್ಥ. ಆದರೆ ಡಿಪ್‌ಸ್ಟಿಕ್ ಕ್ಲೀನಾಗಿ ಕಂಡರೆ ಖುಷಿಪಡಬೇಡಿ. ನಿಂತ ಎಂಜಿನ್‌ನಲ್ಲಿ ನೀರು ತಳಕ್ಕೆ ಇಳಿದು ಆಯಿಲ್ ಮೇಲೆ ತೇಲುತ್ತಿರುತ್ತದೆ. ಸಂಪಿನ ಡ್ರೈನ್ ನಟ್ಟನ್ನು ನಿಧಾನಕ್ಕೆ ಸಡಿಲಿಸಿ. ಮೊದಲು ಬರುವುದು ಆಯಿಲ್ಲೋ ನೀರೋ ನೋಡಿ. ಖರ್ಚಿಲ್ಲದ ಪರೀಕ್ಷೆ ಇದು.

ಆಮೇಲೆ ಏರ್ ಫಿಲ್ಟರ್ ತೆಗೆದು ನೋಡಿ. ಒಣಗಿದೆ, ಕೆಸರಿನ ಗೆರೆಯೂ ಕಾರ್ಬುರೇಟರಿಗಿಂತ ಕೆಳಗಿದೆ ಎಂದರೆ ಮೇಲಿನಿಂದ ನೀರು ಹೋಗಿಲ್ಲ. ಸೈಲೆನ್ಸರ್ ಕಡೆಯಿಂದ ಹೋಗಿರಬಹುದು. ಎಂಜಿನ್ ನಿಂತಾಗ ಯಾವುದೋ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದೇ ಇರುತ್ತದೆ, ಆ ದಾರಿಯಲ್ಲಿ ನೀರು ಒಳಗೆ ಸೇರುತ್ತದೆ. ಹಾಗಾಗಿ ನಾಲ್ಕೂ ಪ್ಲಗ್ ಬಿಚ್ಚಲೇಬೇಕು. ಪ್ಲಗ್ ರಂಧ್ರದ ಸುತ್ತಲಿನ ಕೆಸರನ್ನು ಮೊದಲು ಒರೆಸಿ, ಇಲ್ಲದಿದ್ದರೆ ಅದೇ ಒಳಗೆ ಬೀಳುತ್ತದೆ.

ಪ್ಲಗ್ ಬಿಚ್ಚಿದ ಮೇಲೆ ಪ್ರತಿ ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಕೈಯಿಂದ ತಿರುಗಿಸಿ. ಎಂಜಿನ್ ತಿರುಗಿಸುವ ಹ್ಯಾಂಡಲ್ ಇರುವ ಗಾಡಿಯಲ್ಲಿ ಹ್ಯಾಂಡಲ್ ಹಾಕಿ. ಇಲ್ಲದಿದ್ದರೆ ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಮೆಲ್ಲಗೆ ತಳ್ಳಿ. ರಂಧ್ರದ ಎದುರು ಮುಖ ಇಟ್ಟು ನಿಲ್ಲಬೇಡಿ, ನೀರು ಚಿಮ್ಮುತ್ತದೆ.

ಸಲೀಸಾಗಿ ತಿರುಗಿದರೆ ಒಳ್ಳೆಯ ಲಕ್ಷಣ. ಕಡಿಮೆ ಬೆಲೆಯ ಆಯಿಲ್ ತುಂಬಿ, ಕೈಯಿಂದ ತಿರುಗಿಸಿ, ಇಳಿಸಿ. ಮತ್ತೊಮ್ಮೆ ಅದನ್ನೇ ಮಾಡಿ. ಫಿಲ್ಟರೂ ಹೊಸದು.

ತಿರುಗದಿದ್ದರೆ ಬಲ ಹಾಕಬೇಡಿ. ಬೋರ್‌ನಲ್ಲಿ (ಸಿಲಿಂಡರಿನ ಒಳಗೋಡೆಯಲ್ಲಿ) ತುಕ್ಕು ಹಿಡಿದು ಪಿಸ್ಟನ್ ರಿಂಗ್ ಅಂಟಿರಬಹುದು. ಡೀಸೆಲ್ ಮತ್ತು ಪವರ್ ಸ್ಟೀರಿಂಗಿನ ಎಟಿಎಫ್ ಆಯಿಲ್ ಬೆರೆಸಿ ರಂಧ್ರಗಳಿಗೆ ಬಿಟ್ಟು ಕೆಲವು ದಿನ ನೆನೆಯಲು ಬಿಡಿ. ದಿನಕ್ಕೊಮ್ಮೆ ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ವಾರವಾದರೂ ಅಲ್ಲಾಡದಿದ್ದರೆ ಹೆಡ್ ಬಿಚ್ಚಿಸಿ. ಅಲ್ಲಿಂದ ಮುಂದಿನದು ಮೆಕ್ಯಾನಿಕ್ ಕೆಲಸ.

ತಿರುಗುತ್ತದೆ, ಆದರೂ ಅನುಮಾನ ಇದೆ ಎಂದರೆ ತೆಳ್ಳನೆಯ ಮರದ ಕಡ್ಡಿ ಸಾಕು. ಒಂದೊಂದೇ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಪ್ಲಗ್ ರಂಧ್ರದಿಂದ ಕಡ್ಡಿ ಇಳಿಸಿ ಗುರುತು ಹಾಕಿ. ನಾಲ್ಕರಲ್ಲೂ ಗುರುತು ಒಂದೇ ಕಡೆ ಬರಬೇಕು. ಒಂದರಲ್ಲಿ ಮಾತ್ರ ಕಡ್ಡಿ ಆಳಕ್ಕೆ ಇಳಿದರೆ ಆ ರಾಡ್ ಬಾಗಿದೆ. ಕಡ್ಡಿ ಒಳಗಿರುವಾಗ ಎಂಜಿನ್ ತಿರುಗಿಸಬೇಡಿ. ಆಮೇಲೆ ಕಂಪ್ರೆಷನ್ ಟೆಸ್ಟ್ ಮಾಡಿಸಿದರೆ ಇದೇ ಮಾತು ಗಟ್ಟಿಯಾಗುತ್ತದೆ. ಬಾಗಿದ ರಾಡ್ ಇರುವ ಎಂಜಿನ್ ಓಡಬಹುದು, ಆದರೆ ಯಾವತ್ತೋ ಒಂದು ದಿನ ಆ ರಾಡ್ ಬ್ಲಾಕ್ ಒಡೆದುಕೊಂಡು ಹೊರಬರುತ್ತದೆ. ಹಾಗೇ ಓಡಿಸಬೇಡಿ.

ರಿಪೇರಿಗೆ ತಡವಾಗುತ್ತದೆಯೇ? ನೀರು ಇಳಿಸಿ, ಸಂಪ್ ತುಂಬ ಆಯಿಲ್, ಪ್ಲಗ್ ರಂಧ್ರಗಳಿಂದ ಸಿಲಿಂಡರ್ ತುಂಬ ಆಯಿಲ್ ಇಲ್ಲವೇ ಡೀಸೆಲ್ ಹಾಕಿ ಮುಚ್ಚಿಡಿ. ಸೆಲ್ಫ್ ಹೊಡೆಯಬಾರದೆಂದು ಸ್ಟೀರಿಂಗಿಗೆ ಚೀಟಿ ಕಟ್ಟಿ. ಒದ್ದೆ ಬೋರ್‌ಗೆ ಗಾಳಿ ತಾಗಿದರೆ ಒಂದೆರಡು ದಿನದಲ್ಲೇ ತುಕ್ಕು ಶುರು. ನೀರಲ್ಲಿ ಇದ್ದಾಗಿನದಕ್ಕಿಂತ ನೀರು ಇಳಿದ ಮೇಲೆ ಹಾಳಾಗುವುದೇ ಜಾಸ್ತಿ.

ಡೀಸೆಲ್ ಗಾಡಿಯಲ್ಲಿ ಕಂಪ್ರೆಷನ್ ಬಹಳ ಹೆಚ್ಚು, ಸ್ವಲ್ಪ ನೀರಿಗೂ ರಾಡ್ ಬಾಗುತ್ತದೆ. ಇಂಜೆಕ್ಷನ್ ಪಂಪಿಗೆ ನೀರು ಹೋಗಿದ್ದರೆ ಮನೆಯಲ್ಲಿ ಬಿಚ್ಚಬೇಡಿ. ಪಂಪ್ ಕ್ಯಾಲಿಬ್ರೇಷನ್ ಮಾಡುವವರ ಹತ್ತಿರವೇ ಹೋಗಬೇಕು.

ಲಕ್ಷಣ: ಬಾಗಿಲಿನ ಕೆಳಗೆ ಕಂದು ನೀರು ಸೋರುತ್ತಿದೆ, ಬಾಗಿಲು ಸರಿಯಾಗಿ ಕೂರುತ್ತಿಲ್ಲ

ಗಾಡಿ ಉಳಿಯುತ್ತದೋ ಇಲ್ಲವೋ ಎಂಬುದು ಇಲ್ಲೇ ಗೊತ್ತಾಗುವುದು. ಸಮಯ ತೆಗೆದುಕೊಂಡು ನೋಡಿ.

ಪದ್ಮಿನಿಗೂ ಅಂಬಾಸಿಡರಿಗೂ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ. ಬಾಡಿಯೇ ಚಾಸಿ. ಬಾಗಿಲಿನ ಕೆಳಗಿನ ಪೆಟ್ಟಿಗೆಯಂಥ ಸಿಲ್, ಫ್ಲೋರಿನ ಅಂಚು, ಹಿಂದಿನ ಪಟ್ಟಿ ಸ್ಪ್ರಿಂಗ್ ಸೇರುವ ಜಾಗ, ಬಾಗಿಲಿನ ಹಿಂಜ್ ಇರುವ ಕಂಬದ ಬುಡ: ಇವೇ ಭಾರ ಹೊರುವುದು. ಅಂಬಾಸಿಡರಿನಲ್ಲಿ ಮುಂದಿನ ಟಾರ್ಷನ್ ಬಾರ್ ಹಿಂತುದಿ ಕೂರುವ ಜಾಗವೂ ಈ ಪಟ್ಟಿಯಲ್ಲಿದೆ. ನೆರೆ ನೀರು ಈ ಟೊಳ್ಳು ಭಾಗಗಳಿಗೆ ನುಗ್ಗಿ ಕೆಸರು ತುಂಬಿಸುತ್ತದೆ. ಕೆಸರು ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಂಡು ಒಳಗಿನಿಂದ ತಗಡನ್ನು ತಿನ್ನುತ್ತದೆ. ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ.

ಸ್ಟ್ಯಾಂಡರ್ಡ್ ಹೆರಾಲ್ಡ್ ಬೇರೆ ಜಾತಿ. ಅದಕ್ಕೆ ಪ್ರತ್ಯೇಕ ಚಾಸಿ ಇದೆ, ಬಾಡಿಯನ್ನು ಬೋಲ್ಟ್ ಬಿಚ್ಚಿ ಎತ್ತಬಹುದು. ಅಲ್ಲಿ ಬಾಡಿ ತೂತಾಗಿದ್ದರೂ ಚಾಸಿ ಗಟ್ಟಿ ಇದ್ದರೆ ಆಸೆ ಇಟ್ಟುಕೊಳ್ಳಬಹುದು. ಹಳೆಯ ಜೀಪ್‌ಗಳೂ ಹಾಗೇ.

ಬೇಕಾಗುವುದು ಒಂದು ಸ್ಕ್ರೂಡ್ರೈವರ್, ಒಂದು ಫ್ರಿಜ್ ಮ್ಯಾಗ್ನೆಟ್, ಒಂದು ಟಾರ್ಚ್. ಸ್ಕ್ರೂಡ್ರೈವರಿನ ಹಿಡಿಯಿಂದ ಸಿಲ್ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ದಬ್ ಎಂದು ಮಂದವಾಗಿ ಕೇಳಿದರೆ ಅಲ್ಲಿ ತುಕ್ಕು, ಕೆಸರು ಅಥವಾ ಪುಟ್ಟಿ. ಮ್ಯಾಗ್ನೆಟ್‌ಗೆ ತೆಳು ಬಟ್ಟೆ ಸುತ್ತಿ ಹಿಡಿಯಿರಿ. ಅಂಟದ ಜಾಗದಲ್ಲಿ ಪುಟ್ಟಿ ತುಂಬಿದ್ದಾರೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ. ತಗಡು ತಡೆದುಕೊಳ್ಳಬೇಕು, ಒಳಗೆ ಹೋಗಬಾರದು.

ತೂತು ಕಂಡರೆ ತುಕ್ಕಿನ ಬಣ್ಣ ನೋಡಿ. ನೆರೆಯ ತುಕ್ಕು ಕಿತ್ತಳೆ ಬಣ್ಣದ ತೆಳು ಪದರ, ಬೆರಳಿಗೆ ಬರುತ್ತದೆ. ಕಪ್ಪು ಕಂದು ಬಣ್ಣದ, ಚಕ್ಕೆ ಚಕ್ಕೆಯಾಗಿ ಏಳುವ ತುಕ್ಕು ವರ್ಷಗಳದ್ದು. ಒಂದು ವಾರದ ನೆರೆ ಗಟ್ಟಿ ಸಿಲ್‌ಗೆ ತೂತು ಕೊರೆಯುವುದಿಲ್ಲ. ಇವತ್ತು ತೂತು ಕಾಣುತ್ತಿದೆ ಎಂದರೆ ಗಾಡಿ ಮೊದಲೇ ಸೊರಗಿತ್ತು, ನೆರೆ ಅದನ್ನು ಬಯಲಿಗೆ ತಂದಿದೆ. ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಅದರಲ್ಲೂ ಅಪ್ಪನ ಕಾಲದ ಗಾಡಿ ಆದರೆ. ಆದರೆ ದುಡ್ಡು ಎಲ್ಲಿ ಹಾಕಬೇಕು ಎಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ.

ಕೊನೆಗೆ ಜ್ಯಾಕ್ ಪರೀಕ್ಷೆ. ಗಟ್ಟಿ ನೆಲದ ಮೇಲೆ, ಚಕ್ರಗಳಿಗೆ ಕಲ್ಲು ಇಟ್ಟು, ಸಿಲ್‌ನ ಜ್ಯಾಕ್ ಪಾಯಿಂಟಿನಲ್ಲಿ ಸ್ವಲ್ಪವೇ ಎತ್ತಿ. ಬಾಗಿಲಿನ ಸಂದು ಬದಲಾಗುತ್ತಿದೆಯೇ? ಮುಚ್ಚಿದ್ದ ಬಾಗಿಲು ಬಿಗಿಯಾಗುತ್ತಿದೆಯೇ? ತಗಡು ಕರಕರ ಸದ್ದು ಮಾಡುತ್ತಿದೆಯೇ? ಹಾಗಿದ್ದರೆ ತಕ್ಷಣ ಇಳಿಸಿ, ಗಾಡಿ ನಡುವೆ ಮುರಿಯುತ್ತಿದೆ. ಬರೀ ಜ್ಯಾಕ್ ನಂಬಿ ಯಾವ ಕಾರಣಕ್ಕೂ ಅಡಿಯಲ್ಲಿ ಮಲಗಬೇಡಿ. ತುಕ್ಕು ಹಿಡಿದ ಜ್ಯಾಕ್ ಪಾಯಿಂಟ್ ಏಕಾಏಕಿ ಕುಸಿಯುತ್ತದೆ.

ನನ್ನ ಲೆಕ್ಕ ಹೀಗೆ. ಒಂದೆರಡು ಕಡೆ ಮಾತ್ರ ತೂತು, ಉಳಿದದ್ದು ಗಟ್ಟಿ ಎಂದರೆ ಧೈರ್ಯವಾಗಿ ಉಳಿಸಿ. ಒಂದು ಬದಿಯ ಸಿಲ್ ಪೂರ್ತಿ ಹೋಗಿದ್ದರೆ ಒಳ್ಳೆಯ ಟಿಂಕರಿಂಗ್ ಮಾಡುವವರಿಗೆ ತೋರಿಸಿ, ಹೊಸ ತಗಡು ಬೆಸುಗೆ ಹಾಕುತ್ತಾರೋ ಇಲ್ಲಾ ಮೇಲೆ ತೇಪೆ ಹಚ್ಚುತ್ತಾರೋ ಎಂದು ನೇರವಾಗಿ ಕೇಳಿ. ಎರಡೂ ಬದಿಯ ಸಿಲ್, ಸ್ಪ್ರಿಂಗ್ ಸೇರುವ ಜಾಗ, ಕಂಬದ ಬುಡ ಮೂರೂ ಹೋಗಿದ್ದರೆ ರಸ್ತೆಗೆ ತರುವ ಆಸೆ ಬಿಡಿ. ಅಪಘಾತವಾದರೆ ಆ ಬಾಡಿ ಒಳಗಿನವರನ್ನು ಕಾಪಾಡುವುದಿಲ್ಲ.

ಬಾಡಿ ಗಟ್ಟಿ ಇದೆ ಎಂದಾದರೆ ಮೊದಲ ಕೆಲಸ ತೊಳೆಯುವುದು. ಸಿಲ್ ಮತ್ತು ಬಾಗಿಲುಗಳ ಅಡಿಯ ನೀರಿಳಿಯುವ ತೂತುಗಳನ್ನು ತಂತಿಯಿಂದ ಬಿಡಿಸಿ. ರಬ್ಬರ್ ಬಿರಡೆಗಳನ್ನು ತೆಗೆದು ತೋಟದ ಪೈಪಿನಿಂದ ನೀರು ಬಿಡಿ, ಹೊರಬರುವ ನೀರು ತಿಳಿಯಾಗುವವರೆಗೆ. ಸರ್ವೀಸ್ ಸ್ಟೇಷನ್ನಿನ ಜೋರು ಪ್ರೆಷರ್ ಬೇಡ, ಅದು ಕೆಸರನ್ನು ಇನ್ನೂ ಒಳಗೆ ತಳ್ಳುತ್ತದೆ. ದಿನಗಟ್ಟಲೆ ಗಾಳಿಗೆ ಬಿಟ್ಟು, ಪೂರ್ತಿ ಒಣಗಿದ ಮೇಲೆ ಟೊಳ್ಳಿನೊಳಗೆ ತುಕ್ಕು ತಡೆಯುವ ವ್ಯಾಕ್ಸ್ ಹೊಡೆಸಿ.

ಲಕ್ಷಣ: ಪೆಟ್ರೋಲ್ ಬಾಟಲಿಯಲ್ಲಿ ಎರಡು ಪದರ

ಟ್ಯಾಂಕಿನ ತಳದಿಂದ ಗಾಜಿನ ಬಾಟಲಿಗೆ ಸ್ವಲ್ಪ ಪೆಟ್ರೋಲ್ ಇಳಿಸಿ ಹಾಗೇ ಇಡಿ. ಕೆಳಗೆ ಬೇರೆ ಪದರ ನಿಂತರೆ ನೀರು ಸೇರಿದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಎಥನಾಲ್ ನೀರಿನ ಜತೆ ಕೆಳಗಿಳಿಯುತ್ತದೆ, ಮೇಲಿನ ಪೆಟ್ರೋಲೂ ಕೆಲಸಕ್ಕೆ ಬಾರದು. ಪೂರ್ತಿ ಖಾಲಿ ಮಾಡಿ, ಟ್ಯಾಂಕ್ ಇಳಿಸಿ ತೊಳೆಸಿ. ಖಾಲಿ ಟ್ಯಾಂಕಿಗೆ ಯಾರೂ ಬೆಸುಗೆ ಹಾಕಲು ಬಿಡಬೇಡಿ, ಒಳಗಿನ ಆವಿ ಸಿಡಿಯುತ್ತದೆ. ಕಾರ್ಬುರೇಟರಿನಲ್ಲಿ ಬಿಳಿ ಪುಡಿ ಕಂಡರೆ ಲೋಹ ಕೊರೆಯಲು ಶುರುವಾಗಿದೆ, ಬೇಗ ಬಿಚ್ಚಿ ತೊಳೆಸಿದರೆ ಉಳಿಯುತ್ತದೆ.

ಲಕ್ಷಣ: ಚಕ್ರ ತಿರುಗುತ್ತಿಲ್ಲ, ಗೇರ್ ಬೀಳುತ್ತಿಲ್ಲ

ಹ್ಯಾಂಡ್‌ಬ್ರೇಕ್ ಕೇಬಲ್ ಅಥವಾ ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟಿದೆ. ಎಳೆದುಕೊಂಡು ಹೋಗಬೇಡಿ, ಲಾರಿಯ ಮೇಲೆ ಹಾಕಿಸಿ. ನಾಲ್ಕೂ ಡ್ರಮ್ ಬಿಚ್ಚಲೇಬೇಕು. ಹಳೆಯ ಲೈನರಿನ ಪುಡಿಯಲ್ಲಿ ಆಸ್ಬೆಸ್ಟಾಸ್ ಇರಬಹುದು. ಗಾಳಿ ಹೊಡೆದು ಕ್ಲೀನ್ ಮಾಡಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಬ್ರೇಕ್ ಆಯಿಲ್ ತೇವ ಹೀರುತ್ತದೆ, ಪೂರ್ತಿ ಬದಲಿಸಿ, ವೀಲ್ ಸಿಲಿಂಡರ್‌ಗಳ ರಬ್ಬರ್ ಕಿಟ್‌ಗಳನ್ನೂ ಬದಲಿಸಿ. ಇಲ್ಲಿ ಉಳಿತಾಯ ಮಾಡಬೇಡಿ.

ಎಂಜಿನ್ ನಿಂತಾಗ ಗೇರ್ ಬೀಳುತ್ತದೆ, ಓಡುವಾಗ ಬೀಳುವುದಿಲ್ಲ ಎಂದರೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿರಬಹುದು. ಗೇರ್ ಬಾಕ್ಸ್ ಇಳಿಸಿ ನೋಡುವುದು ಸುರಕ್ಷಿತ. ಗೇರ್ ಬಾಕ್ಸ್, ಹೌಸಿಂಗ್ ಎರಡರ ಆಯಿಲನ್ನೂ ಇಳಿಸಿ ನೋಡಿ. ಹೌಸಿಂಗಿನ ಮೇಲೆ ಉಸಿರಾಡುವ ಸಣ್ಣ ತೂತು ಇರುತ್ತದೆ, ಅಲ್ಲಿಂದ ನೀರು ಒಳಗೆ ಹೋಗುತ್ತದೆ.

ಲಕ್ಷಣ: ಬ್ಯಾಟರಿ ಜೋಡಿಸಿದರೆ ಕಿಡಿ, ಲೈಟು ಮಂಕು

ವೈರ್ ಬಿಸಿಯಾಗುವ ಮುನ್ನ ಬಲ್ಬ್ ಪರೀಕ್ಷೆ ಮಾಡಿ. ಎಲ್ಲ ಸ್ವಿಚ್ ಆಫ್, ಬಾಗಿಲು ಮುಚ್ಚಿ. ಬ್ಯಾಟರಿಯ ಅರ್ತ್ ತುದಿಗೂ ಬಿಚ್ಚಿದ ಅರ್ತ್ ಕೇಬಲ್‌ಗೂ ನಡುವೆ 12 ವೋಲ್ಟಿನ ಇಂಡಿಕೇಟರ್ ಬಲ್ಬ್ ಜೋಡಿಸಿ. ಬಲ್ಬ್ ಜೋರಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ. ಒಂದೊಂದೇ ಫ್ಯೂಸ್, ಒಂದೊಂದೇ ಕನೆಕ್ಷನ್ ಬಿಚ್ಚುತ್ತಾ ಹೋಗಿ. ಬಲ್ಬ್ ಆರಿದ ಕಡೆ ದೋಷ.

ವೈರಿನ ತುದಿಯಲ್ಲಿ ತಾಮ್ರ ಹಸಿರು ಅಥವಾ ಕಪ್ಪಾಗಿದ್ದರೆ ಸ್ವಲ್ಪ ಸುಲಿದು ನೋಡಿ. ಒಳಗೂ ಕಪ್ಪಾಗಿದ್ದರೆ ಆ ವೈರ್ ಪೂರ್ತಿ ಹೋಗಬೇಕು. ಬಟ್ಟೆ ಸುತ್ತಿದ ಹಳೆಯ ವೈರಿಂಗ್ ಒದ್ದೆಯಾದರೆ ಉಳಿಸುವ ಪ್ರಯತ್ನವೇ ಬೇಡ. ಸ್ಟಾರ್ಟರ್, ಡೈನಮೋ, ವೈಪರ್ ಮೋಟಾರ್ ಬಿಚ್ಚಿ ಒಣಗಿಸಿ ಬುಷ್, ಬ್ರಷ್ ನೋಡಿಸಿದರೆ ಬಹುತೇಕ ಬದುಕುತ್ತವೆ.

ಲಕ್ಷಣ: ಒಣಗಿದರೂ ಮುಗ್ಗಲು ವಾಸನೆ

ಎಲ್ಲೋ ಇನ್ನೂ ತೇವ ಇದೆ. ಸೀಟಿನ ತೆಂಗಿನ ನಾರು, ಫ್ಲೋರಿನ ಕೆಳಹಾಸು, ಬಾಗಿಲಿನ ಹಾರ್ಡ್‌ಬೋರ್ಡ್ ಎಸೆಯಿರಿ. ಆದರೆ ಅಳತೆಗೆಂದು ಒಂದೊಂದು ಫೋಟೋ, ಒಂದೊಂದು ಕಾಗದದ ನಮೂನೆ ಇಟ್ಟುಕೊಳ್ಳಿ. ಮೂಲ ಸ್ವಿಚ್, ಮೀಟರ್, ಹಿಡಿಕೆ, ಕ್ರೋಮ್ ಪಟ್ಟಿ, ಗಾಜು ಯಾವುದನ್ನೂ ಎಸೆಯಬೇಡಿ. ಎಂಜಿನ್ ಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗಬಹುದು, ಸರಿಯಾದ ಹಳೆಯ ಕ್ರೋಮ್ ಸಿಗುವುದು ಕಷ್ಟ. ಬೂಸ್ಟು ತೆಗೆಯುವಾಗ ಮಾಸ್ಕ್ ಹಾಕಿ. ಬ್ಲೀಚಿಂಗ್ ಪೌಡರನ್ನು ಆಸಿಡ್ ಜತೆ ಬೆರೆಸಬೇಡಿ, ವಿಷಗಾಳಿ ಹುಟ್ಟುತ್ತದೆ.

ದುಡ್ಡು ಮತ್ತು ಕಾಗದ

ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ದರೆ ನೆರೆಯ ಹಾನಿಗೆ ಏನೂ ಬರುವುದಿಲ್ಲ. ಕಾಂಪ್ರಿಹೆನ್ಸಿವ್ ಇದ್ದರೆ ಗಾಡಿ ಅಲುಗಿಸುವ ಮೊದಲೇ ತಿಳಿಸಿ. 5 ವರ್ಷ ದಾಟಿದ ಗಾಡಿಯ ಐಡಿವಿಯನ್ನು (ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆ) ಕಂಪನಿ ಮತ್ತು ಮಾಲೀಕ ಮಾತಾಡಿ ನಿಗದಿ ಮಾಡಿರುತ್ತಾರೆ. ಹಳೆಯ ಗಾಡಿಗೆ ಅದು ತುಂಬ ಕಡಿಮೆ ಇರುವುದೇ ಜಾಸ್ತಿ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಟೋಟಲ್ ಲಾಸ್ ಎಂದು ಲೆಕ್ಕ. ಆ ಹಣ ಒಪ್ಪಿಕೊಳ್ಳುವ ಮುನ್ನ ಗಾಡಿ ಯಾರ ಬಳಿ ಉಳಿಯುತ್ತದೆ, ಆರ್‌ಸಿ ರದ್ದಾಗುತ್ತದೆಯೇ ಎಂದು ಬರಹದಲ್ಲಿ ಕೇಳಿ. ಆರ್‌ಸಿ ಇಲ್ಲದ ಗಾಡಿ ಎಷ್ಟು ಚೆನ್ನಾಗಿ ರಿಪೇರಿಯಾದರೂ ರಸ್ತೆಗೆ ಬರುವಂತಿಲ್ಲ. ಸೆಲ್ಫ್ ಹೊಡೆದು ಎಂಜಿನ್ ಕೆಟ್ಟಿದ್ದರೆ ಆ ಭಾಗವನ್ನು ಕಂಪನಿ ತಳ್ಳಿಹಾಕಬಹುದು.

50 ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂಬ ಷರತ್ತಿದೆ. ಹಾಗಾಗಿ ಬೇರೆ ಗಾಡಿಯ ಬಾಡಿ ತಂದು ಕೂರಿಸುವ ಮುನ್ನ ಆರ್‌ಟಿಒದಲ್ಲಿ ವಿಚಾರಿಸಿ. ಚಾಸಿ ನಂಬರ್ ಕೊರೆದ ಜಾಗಕ್ಕೆ ತುಕ್ಕು ಹಿಡಿದಿದ್ದರೆ ಗ್ರೈಂಡರ್ ಹಾಕಬೇಡಿ, ಮೆದು ಬ್ರಷ್‌ನಿಂದ ತೊಳೆದು ಎಣ್ಣೆ ಸವರಿ.

ರಸ್ತೆಗೆ ಬಾರದು ಎಂದು ತೀರ್ಮಾನಿಸಿದ ಗಾಡಿಯನ್ನು ತೂಕಕ್ಕೆ ಹಾಕಬೇಡಿ. ಅದೇ ಮಾದರಿಯ ಗಾಡಿ ಇಟ್ಟುಕೊಂಡವರನ್ನು ಹುಡುಕಿ. ಗಾಜು, ಬಾಗಿಲು, ಹೌಸಿಂಗ್, ಸ್ಟೀರಿಂಗ್, ಮೀಟರ್ ಪ್ರತಿಯೊಂದಕ್ಕೂ ಕಾಯುತ್ತಿರುವವರು ಇರುತ್ತಾರೆ. ಎಂಜಿನ್ ಮತ್ತು ಚಾಸಿ ನಂಬರ್ ಇರುವ ಭಾಗ ಕೊಡುವಾಗ ಮಾತ್ರ ಆರ್‌ಟಿಒಗೆ ಆರ್‌ಸಿ ಒಪ್ಪಿಸಿ ರಸೀದಿ ಪಡೆದ ಮೇಲೆಯೇ ಕೊಡಿ.